ಬೀಗದಕೈಯ ಜೊತೆಗೆ ಕೊಟ್ಟದ್ದು

ಬ್ರಾನ್‌ಸ್ಟನ್ನಿನ ಕಾಲುವೆ ದಂಡೆಯಲ್ಲಿ, ಅಕ್ಟೋಬರಿನ ಒಂದು ಬೆಳಿಗ್ಗೆ,
ನಲವತ್ತೆರಡು ಅಡಿಯ ನನ್ನ ದೋಣಿಯನ್ನು
ಎಮ್ರಿಸ್ ಎಂಬ ಹುಡುಗನಿಗೆ ಒಪ್ಪಿಸಿದೆ.
ಬೀಗದಕೈಗೆ ಕಟ್ಟಿದ ಬೆಂಡನ್ನು ಮೊದಲು ತೋರಿಸಿದೆ.
ಬೆಂಡಿಲ್ಲದ ಮೂರು ಗೊಂಚಲು ತಳದ ಕೆಸರಿನಲ್ಲಿವೆ,
ಮೂರೂ ನನ್ನವೇ.

ಬರೆದುಕೊಳ್ಳಬೇಡ, ಕೇಳು, ಎಂದೆ.
ಬರೆದುಕೊಂಡ, ಫೋನಿನಲ್ಲಿ, ಹೆಬ್ಬೆರಳಿನಿಂದ.

ಕಟ್ಟಿ ನಿಂತ ದೋಣಿಗಳ ಪಕ್ಕ ಹಾಯುವಾಗ
ಎಂಜಿನ್ನು ಗೊಣಗಬೇಕು, ಕೂಗಬಾರದು.
ಒಳಗೆ ಯಾರೋ ಬಾಣಲೆಗೆ ಮೊಟ್ಟೆ ಒಡೆಯುತ್ತಿರುತ್ತಾರೆ,
ಯಾರೋ ಕೆನ್ನೆಗೆ ಬ್ಲೇಡು ಇಟ್ಟಿರುತ್ತಾರೆ.
ನೀನೆಬ್ಬಿಸಿದ ಅಲೆ ನಿನ್ನ ಬೆನ್ನ ಹಿಂದೆ ಬರುತ್ತದೆ, ನಿನಗೆ ಕಾಣದು.
ಆಗಾಗ ತಿರುಗಿ ನೋಡು.

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ, ಅನ್ನುತ್ತೇವೆ ನಮ್ಮಲ್ಲಿ.
ಇದು ಹೊಳೆಯಲ್ಲವಪ್ಪ, ಕಾಲುವೆ.
ಅಪ್ಪಣೆಚೀಟಿ ಕಿಟಕಿಗೆ ಅಂಟಿಸು.
ಎದುರು ದೋಣಿ ಬಂದರೆ ಬಲಕ್ಕೆ ಸರಿ,
ರಸ್ತೆಯ ಅಭ್ಯಾಸ ಎಡಕ್ಕೆ ಎಳೆದೀತು, ಬಲಕ್ಕೇ.

ಪಂಖಕ್ಕೆ ಏನಾದರೂ ಸುತ್ತಿಕೊಂಡರೆ
ಎಂಜಿನ್ ಆರಲಿ, ಬೀಗದಕೈ ಜೇಬಿಗೆ ಹೋಗಲಿ, ಕೈ ಆಮೇಲೆ.
ನಾನು ಒಂದು ಸಲ ಇಡೀ ಸೀರೆ ಬಿಡಿಸಿದ್ದೇನೆ,
ಹಸಿರು ಜಾರ್ಜೆಟ್ಟು, ಸೆರಗು ಇನ್ನೂ ಚೆನ್ನಾಗಿತ್ತು.
ಬಿಡಿಸಿದ ಮೇಲೆ ಮುಚ್ಚಳ ಬಿಗಿ.
ಬಿಗಿಯದವರ ದೋಣಿಗಳು ಈಗೆಲ್ಲಿವೆ ಎಂದು ಕೇಳಬೇಡ.

ಇನ್ನು ತೂಬು. ಇಲ್ಲಿಯವರು ಲಾಕ್ ಅನ್ನುತ್ತಾರೆ,
ನನಗೆ ಮೊದಲ ದಿನದಿಂದಲೂ ತೂಬೇ.
ಅಜ್ಜಿಯ ಊರಿನ ಕೆರೆಗೆ ಮುದ್ದಲಿಂಗ ಎಂಬ ನೀರಗಂಟಿ;
ಸರದಿ ತಪ್ಪಿಸಿದವನ ಬದುವಿನಲ್ಲಿ
ತುಟಿ ಬಿಚ್ಚದೆ ಗುದ್ದಲಿ ಊರಿ ನಿಲ್ಲುತ್ತಿದ್ದ.
ನಿಂತರೆ ಸಾಕಿತ್ತು.
ಇಲ್ಲಿ ಆರೂ ತೂಬಿಗೆ ನೀರಗಂಟಿ ಇಲ್ಲ, ನೀನೇ, ಅಂದೆ ಕನ್ನಡದಲ್ಲಿ.
ಏನಂದಿರಿ? ಏನಿಲ್ಲ, ಬರೆದುಕೋ:

ಜೋಡಿ ದೋಣಿ ಹಿಡಿಸುವಲ್ಲಿ ಒಂಟಿ ಹೋಗಬೇಡ.
ತಿರುವಿನಾಚೆ ಹೊಗೆ ಕಂಡರೆ ಹತ್ತು ನಿಮಿಷ ಕಾಯಿ,
ಬರುವವರು ಅಪರಿಚಿತರಾದರೂ ನೀರು ಒಂದೇ.
ಎದುರಿನವರಿಗೆ ತುಂಬಿ ನಿಂತ ತೂಬನ್ನು
ಅವರ ಕಣ್ಣೆದುರೇ ಬರಿದು ಮಾಡಬೇಡ.
ಇಳಿಯುವಾಗ ಬಿಳಿ ಗೆರೆಯಿಂದ ಮುಂದೆಯೇ ನಿಲ್ಲು:
ನೀರು ಇಳಿಯುತ್ತದೆ,
ಕಲ್ಲಿನ ಹೊಸ್ತಿಲು ಇಳಿಯುವುದಿಲ್ಲ.

ಹೊರಡುವ ಮುಂಚೆ ತೂಬಿನ ಹಿಡಿಕೆಗಳನ್ನು ಎಣಿಸು.
ಮೂವತ್ತು ವರ್ಷ ಲೆಸ್ಟರಿನ ಆಪರೇಷನ್ ಟೇಬಲ್ಲಿನ ಪಕ್ಕ
ಕತ್ತರಿ, ಚಿಮಟ, ಹತ್ತಿಯುಂಡೆ ಎಣಿಸಿದವಳು ಹೇಳುತ್ತಿದ್ದೇನೆ,
ಎಣಿಸದೆ ಹೊಲಿಯಬಾರದು.

ಎಂಟಾದ ಮೇಲೆ ಎಂಜಿನ್ ಬೇಡ.
ಪಕ್ಕದ ದೋಣಿಗೆ ಕಾಲಿಡುವ ಮುಂಚೆ ಚಾವಣಿ ತಟ್ಟು,
ಅದು ಅಂಗಳವಿಲ್ಲದ ಮನೆ.

ಹೆಸರು ಬದಲಿಸಬಹುದೇ? ಕೇಳಿದ.
ಮೇವಿಸ್ ಯಾರೋ ನನಗೂ ಗೊತ್ತಿಲ್ಲ.
ಕೊಂಡಾಗಲೇ ಬರೆದಿತ್ತು, ಕೆಂಪಕ್ಷರ, ಹಳದಿ ಅಂಚು.
ಈ ಕಾಲುವೆಯಲ್ಲಿ ಮನುಷ್ಯರ ಹೆಸರು ಯಾರಿಗೂ ನೆನಪಿರದು,
ದೋಣಿಯ ಹೆಸರಿಡಿದೇ ಕರೆಯುತ್ತಾರೆ.
ಹದಿಮೂರು ವರ್ಷ ನಾನು ಆ ಹೆಸರಿಗೆ ಓಗೊಟ್ಟಿದ್ದೇನೆ.
ಬದಲಿಸು ಬೇಕಾದರೆ, ಅಂದೆ.
ಗಂಟಲು ಸ್ವಲ್ಪ ಹಿಡಿದಿತ್ತು, ಚಳಿಗೆ.

ಹೊರಟ. ಜೋರಾಗೇ ಹೊರಟ.
ಮೂರನೆಯ ದೋಣಿಯ ಕಿಟಕಿಯಿಂದ ಒಂದು ಕೈ ಹೊರಬಂತು,
ಕೈಯಲ್ಲಿ ಅರ್ಧ ಚೆಲ್ಲಿದ ಲೋಟ.
ಎಮ್ರಿಸ್ ತಿರುಗಿ ನೋಡಿದ. ಎಂಜಿನ್ನು ಗೊಣಗಿತು.

ನಾನು ಕೋಟಿನ ಜೇಬಿಗೆ ಕೈ ಹಾಕಿದೆ.
ಕಬ್ಬಿಣ, ತಣ್ಣಗೆ, ಎಲ್ ಆಕಾರ:
ಎರಡು ಹಿಡಿಕೆಗಳಲ್ಲಿ ಒಂದು.
ಇನ್ನೊಂದು ಎಲ್ಲಿ ಬಿತ್ತೋ ಕಳೆದ ತಿಂಗಳು.
ಇದಿಲ್ಲದೆ ಮೊದಲ ತೂಬೂ ತೆರೆಯದು ಅವನಿಗೆ.

ದೋಣಿ ಮಾರಿದ್ದೇ ಮೊಣಕಾಲಿನ ದೆಸೆಯಿಂದ.
ಆದರೂ ಹಗ್ಗದ ದಾರಿ ಹಿಡಿದು ಕುಂಟುತ್ತ ಹೊರಟೆ;
ಕ್ರಮ ತಿಳಿದವನ ದೋಣಿಯನ್ನು
ಕುಂಟುವವಳೂ ಹಿಡಿಯಬಹುದು.

ಮೇವಿಸ್! ಎಂದು ಕೂಗಿದೆ.

ಅವನು ತಿರುಗಿದ.