ನೀಲಿ ಪುಡಿ, ಎರಡು ಪೊಟ್ಟಣ

ನಮ್ಮ ಕ್ಲಬ್ಬಿಗೆ ಚರಿತ್ರೆ ಅಂತ ಇರೋದು ಇದೊಂದೇ:
ಆಸ್ಟಿನ್ ಟೌನಿನ ದರ್ಜಿ ಆರೋಗ್ಯನಾಥನ್
ಬರೆದಿಟ್ಟ ಲೆಕ್ಕದ ಪುಸ್ತಕ.
ಮೊದಲ ಪುಟ, ಎಪ್ಪತ್ತೊಂದನೇ ಇಸವಿ.
ಚೆಂಡು ಒಂದು, ಸೆಕೆಂಡ್ ಹ್ಯಾಂಡು.
ಬನಿಯನ್ನು ಹನ್ನೊಂದು.
ನೀಲಿ ಪುಡಿ, ಎರಡು ಪೊಟ್ಟಣ.

ಮೊದಲ ಮ್ಯಾಚಿಗೇ ಮಳೆ.
ನೀಲಿ ಇಳಿದು ಎದುರಾಳಿಯ ಬಿಳಿ ಅಂಗಿಗೂ ಹತ್ತಿ
ಯಾರು ಯಾರ ಕಡೆಯೆಂದು ರೆಫ್ರಿಗೇ ತಿಳಿಯದೆ
ಅರ್ಧಕ್ಕೇ ಸೀಟಿ.
'ಸೋಲಲಿಲ್ಲ' ಎಂದು ಬರೆದಿದ್ದಾನೆ,
ಕೆಳಗೆ ಎರಡು ಗೆರೆ ಎಳೆದು.

ಮೈದಾನಕ್ಕೆ ಬಲಗಡೆ ಕಾರ್ನರ್ ಇರಲಿಲ್ಲ,
ಅಲ್ಲಿ ನೀರಿನ ಪಂಪು.
ಎಲ್ಲ ಕಾರ್ನರೂ ಎಡದಿಂದಲೇ.
ಒಂದೇ ಕಡೆ ಕತ್ತು ತಿರುಗಿಸಿ ಹೆಡ್ ಮಾಡಲು ಕಲಿತವರು ನಾವು;
ಈಗಲೂ ಬೀದಿಯಲ್ಲಿ ಯಾರಾದರೂ ಹಿಂದಿನಿಂದ ಕೂಗಿದರೆ
ಎಡಕ್ಕೇ ಹೊರಳುತ್ತೇವೆ.

ಬೂಟು ಐದು ಜೊತೆ, ಸರದಿಯಂತೆ.
ಗೋಲಿ ಮುನಿಸ್ವಾಮಪ್ಪನ ಮಂಡಿಗೆ ಎಣ್ಣೆ, ಎಂಟಾಣೆ.
ಮತ್ತೆ ಎಣ್ಣೆ, ಎಂಟಾಣೆ.
ಮತ್ತೆ ಹಾರ, ಮೂರು ರೂಪಾಯಿ.

ಆಮೇಲೆ ಬಹಳ ಪುಟ ಖಾಲಿ.
ಒಂದರಲ್ಲಿ ಯಾರೋ ಟೀ ಲೋಟ ಇಟ್ಟ ಗುರುತು.

ಕೊನೆಗೆ ಬೇರೆ ಕೈಬರಹ, ಜೆಲ್ ಪೆನ್ನು,
ಅವನ ಮೊಮ್ಮಗಳು ಸಗಾಯಮೇರಿಯದು:
ಚೆಂಡಿಗೆ ಗಾಳಿ, ಹತ್ತು ರೂಪಾಯಿ.
ಹುಡುಗಿಯರು ಒಂಬತ್ತು.
ಇನ್ನಿಬ್ಬರು ಬೇಕು.