ಅರವತ್ತೊಂದನೆಯ ಕೋಣೆ

ಬೆಲೆ ಕಟ್ಟುವುದು ನನ್ನ ಕಸುಬು.
ನಗೊಯಾದ ಓಸು ಪೇಟೆಯಲ್ಲಿ, ಕೊಡೆ ರಿಪೇರಿಯವನ ತಲೆಯ ಮೇಲೆ ನನ್ನ ಅಂಗಡಿ.
ಒಬ್ಬರು ಇಳಿದ ಮೇಲಷ್ಟೇ ಇನ್ನೊಬ್ಬರು ಹತ್ತಬಹುದಾದ ಮೆಟ್ಟಿಲು.
ಮೇಲೆ ನಾನು, ಒಂದು ಭೂತಗನ್ನಡಿ, ಮೋಟು ಸ್ಕ್ರೂಡ್ರೈವರು,
ಯಾರ ಯಾರದೋ ರಜೆಗಳು ತುಂಬಿದ ನಾಲ್ಕು ಸಾವಿರ ಕ್ಯಾಸೆಟ್ಟು.

ಕಿನುಯೊ ಹಿಬಿನೊ ಬಂದದ್ದು ಮಂಗಳವಾರ.
ಸೆತೊದ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲು ತುಂಬುವ ಕೆಲಸವಂತೆ.
ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದೇ ತೆಗೆದಿಟ್ಟಳು.
ಬೇಸ್‌ಬಾಲು: ನೂರು ಯೆನ್. ಕಾರು ರೇಸು: ಎಂಬತ್ತು.
ಮಹಜೋಂಗು: ಪುಕ್ಕಟೆ ಕೊಟ್ಟರೂ ಬೇಡ.
ತಳದಲ್ಲಿ ಇನ್ನೊಂದಿತ್ತು,
ಬಿಸಿಲಿಗೆ ಒಂದು ಮಗ್ಗುಲು ಹಳದಿ ತಿರುಗಿದ ಬೂದು ಪ್ಲಾಸ್ಟಿಕ್ಕು:
‘ಮನೆ ಬದಲು’.

ಸರಳ ಆಟ. ಒಂದು ಕೋಣೆ, ಕೋಣೆ ತುಂಬ ಸಾಮಾನು.
ಬೀರು ತಳ್ಳಿ, ಮೇಜು ಸರಿಸಿ, ಪಿಯಾನೊ ತಿರುಗಿಸಿ
ಬಾಗಿಲ ತನಕ ದಾರಿ ಬಿಡಿಸಿಕೊಳ್ಳಬೇಕು.
ಇಂಥವು ಎಂಬತ್ತು. ಶತ್ರುವಿಲ್ಲ, ಗಡಿಯಾರವಿಲ್ಲ,
ಸೋತರೆ ಯಾರೂ ಸಾಯುವುದಿಲ್ಲ.
ಗೋಡೆಗೊರಗಿದ ಪುಟಾಣಿ ಮನುಷ್ಯ ಬೆವರೊರೆಸಿಕೊಳ್ಳುತ್ತಾನೆ,
ಅಷ್ಟೆ.

ತಿರುಗಿಸಿ ನೋಡಿದೆ. ಬೆನ್ನ ಮೇಲೆ ಕಪ್ಪು ಮಾರ್ಕರಿನಲ್ಲಿ
ದಪ್ಪ ದಪ್ಪ ಅಕ್ಷರ, ಕಿ, ನು, ಯೊ. ಮೂರನೆಯ ತರಗತಿ.
ಜಾಗ ಸಾಲದೆ ‘ಯೊ’ ಅಂಚಿಗೆ ಜಾರಿದೆ.
ಹೆಸರಿದ್ದರೆ ಬೆಲೆ ಅರ್ಧ, ಅಂದೆ. ಪೇಟೆಯ ರೂಢಿ ಇದು.
ಯಾರದೂ ಆಗಿರದ ವಸ್ತುವಿಗೇ ಇಲ್ಲಿ ಗಿರಾಕಿ ಹೆಚ್ಚು.
ತಲೆಯಾಡಿಸಿದಳು,
ಅರ್ಧ ಬೆಲೆ ಅಭ್ಯಾಸವಾದವಳ ಹಾಗೆ.

ಸ್ಕ್ರೂ ಬಿಚ್ಚಿದೆ. ಹಸಿರು ಹಲಗೆಯ ಮೂಲೆಯಲ್ಲಿ
ಇರುವೆಯ ಕಣ್ಣಿನಷ್ಟು ಒಂದು ಸೊನ್ನೆ.
ನನ್ನ ಕೈ ನಿಂತುಬಿಟ್ಟಿತು.
ಒಂದು ಲಕ್ಷ ಎಂಬತ್ತು ಸಾವಿರ, ಅಂದೆ.
ಹೆಸರಿಗೆ ಕಳೆದು, ತೊಂಬತ್ತು.

ಯಾಕೆ? ಅಂದಳು, ಪರ್ಸನ್ನು ಎದೆಗೊತ್ತಿಕೊಂಡು,
ನಾನೇ ಅವಳಿಂದ ಏನೋ ಕೀಳಲಿದ್ದೇನೆ ಎಂಬಂತೆ.

ಇದು ಮೊದಲ ಅಚ್ಚು. ಮೂರು ವಾರ ಮಾರಿ ನಿಲ್ಲಿಸಿದರು.
ಅರವತ್ತೊಂದನೆಯ ಕೋಣೆಯಲ್ಲಿ ಪಿಯಾನೊ
ಒಂದು ಚೌಕ ಎಡಕ್ಕೆ ಕೂತುಬಿಟ್ಟಿತ್ತು. ಅದು ಬಿಡುವ ಕೋಣೆಯಲ್ಲ.
ತಿದ್ದಿದ್ದು ಬೇಕಾದರೆ ಅಗೋ ಆ ಬುಟ್ಟಿಯಲ್ಲಿದೆ, ಮುನ್ನೂರಕ್ಕೊಂದು.
ಜನ ಬಾಯಿ ಬಿಡುವುದು ಈ ತಪ್ಪಿಗೆ.

ದಾರಿಯೇ ಇರಲಿಲ್ಲ?
ಇರಲಿಲ್ಲ.
ಯಾರಿಗೂ?
ಮಾಡಿದವನಿಗೂ.

ಕೆಳಗೆ ಕೊಡೆಯವನು ಕಡ್ಡಿ ಬಡಿಯುತ್ತಿದ್ದ.
ಆ ಬೇಸಗೆ ಪೂರ್ತಿ, ಅಂದಳು. ಚೌಕಳಿ ಹಾಳೆಯಲ್ಲಿ ಕೋಣೆ ಬರೆದು
ರಟ್ಟಿನ ಪಿಯಾನೊ ಕತ್ತರಿಸಿ, ಊಟದ ಮೇಜಿನ ಮೇಲೆ, ಹಾಸಿಗೆಯಲ್ಲಿ,
ಜ್ವರ ಬಂದಾಗಲೂ.
ಪಕ್ಕದ ಮನೆಯ ಮೊರಿಹಿರೊ ಎಂಬತ್ತನ್ನೂ ಮುಗಿಸಿ
ತರಗತಿಗೆಲ್ಲ ಸಾರಿದ್ದ. ಅವನದು ಆಮೇಲೆ ಕೊಂಡದ್ದು.
ಅಲ್ಲಿಂದ ಮುಂದೆ ಲೆಕ್ಕದ ಪೀರಿಯಡ್ಡಿನಲ್ಲಿ ನಾನು ಕೈ ಎತ್ತಲಿಲ್ಲ.

ತಡೆದು, ಬೇರೆ ಯಾವುದೋ ವಿಷಯದಂತೆ:
ಇಪ್ಪತ್ತು ಬಟ್ಟಲಿನ ಪೆಟ್ಟಿಗೆಯಲ್ಲಿ ನಾನು ಇಪ್ಪತ್ನಾಲ್ಕು ಹಿಡಿಸುತ್ತೇನೆ.
ಒಂದೂ ಸೀಳುವುದಿಲ್ಲ.

ದುಡ್ಡು ಎಣಿಸಿಕೊಳ್ಳಲಿಲ್ಲ. ರಸೀದಿ ಕೇಳಿದಳು,
ರಸೀದಿಯಲ್ಲಿ ಇನ್ನೊಂದು ಸಾಲು ಬೇಕು ಅಂದಳು.
ಬರೆದೆ: ಅರವತ್ತೊಂದನೆಯ ಕೋಣೆಗೆ ದಾರಿ ಇರಲಿಲ್ಲ.
ಮೇಲೆ ಅಂಗಡಿಯ ಕೆಂಪು ಮೊಹರು.
ಅದು ಆರುವ ತನಕ ಉಫ್ ಉಫ್ ಊದಿದಳು,
ಬಿಸಿ ಚಹಾ ಊದುವ ಹಾಗೆ.

ಮೆಟ್ಟಿಲಲ್ಲಿ ಯಾರೋ ಪೆಟ್ಟಿಗೆ ಹೊತ್ತು ಹತ್ತುತ್ತಿದ್ದರು.
ಇವಳ ದನಿ ಕೇಳಿಸಿತು: ಪೆಟ್ಟಿಗೆ ತಲೆಯ ಮೇಲಿಡಿ,
ಗೋಡೆಗೆ ತಿರುಗಿ. ಹಾಂ, ಈಗ ಬಲಗಾಲು.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಆ ಮೆಟ್ಟಿಲಲ್ಲಿ ಇಬ್ಬರು ದಾಟಿದರು.

ಹೆಸರನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಹೋಗುತ್ತದೆ,
ಇನ್ನೂ ತೊಂಬತ್ತು ಸಾವಿರ ಹುಟ್ಟುತ್ತದೆ. ನಾನೇನು ಸಂತನಲ್ಲ.
ಅವತ್ತೇ ಹತ್ತಿಯನ್ನು ಅದ್ದಿ ಇಟ್ಟುಕೊಂಡೆ.
ಇವತ್ತು ಶನಿವಾರ. ಹತ್ತಿ ಒಣಗಿದೆ.