ಔಸ್ಮಾಳ ಅಡುಗೆಮನೆಗೆ ಹಲಗೆ

ಮೂರು ತುಂಡು ತಂದಿದ್ದೆ, ಅಂಗೈಯಗಲದವು,
ಹಳೆಯ ಪತ್ರಿಕೆಯಲ್ಲಿ ಸುತ್ತಿ:
ಬರ್ಚ್ ಮರದ ಪ್ಲೈವುಡ್, ಎಂಡಿಎಫ್,
ಆಮೇಲೆ, ತೋರಿಸಲೇ ನಾಚುತ್ತ, ಪಾರ್ಟಿಕಲ್ ಬೋರ್ಡು.

ಕುಲ್ಡಿಗಾದಲ್ಲಿ ಮಾರ್ಚ್. ಹೊಳೆಯ ಮಂಜುಗಡ್ಡೆ
ಬಿರಿಯುವ ಸದ್ದು ಅವಳ ನಾಲ್ಕನೇ ಮಹಡಿಗೂ ಕೇಳುತ್ತಿತ್ತು.
ಗಾಜಿನ ಲೋಟದಲ್ಲಿ ಬರ್ಚ್ ಮರದ ರಸ ಕೊಟ್ಟಳು,
ನೀರಿಗಿಂತ ತುಸುವೇ ಸಿಹಿ.
"ಇದೇ ಮರ," ಎಂದೆ, ಪ್ಲೈವುಡ್ಡಿನ ಅಂಚು ತೋರಿಸಿ,
"ಹದಿಮೂರು ಪದರ. ಒಂದರ ನಾರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ,
ಒಂದನ್ನೊಂದು ಸೊಂಟ ಹಿಡಿದು ನಿಂತಿವೆ. ಬಾಗೋದಿಲ್ಲ."

ಬೆಲೆ ಕೇಳಿದಳು. ಹೇಳಿದೆ.
ಲೋಟ ಕೆಳಗಿಟ್ಟಳು.

ಎಂಡಿಎಫ್ ತುಂಡನ್ನು ಉಗುರಿನಿಂದ ಗೀರಿದಳು:
"ಇದಕ್ಕೆ ಉದ್ದವೂ ಇಲ್ಲ, ಅಡ್ಡವೂ ಇಲ್ಲ.
ಬಣ್ಣ ಬಳಿದರೆ ಚೆಂದ, ಅಷ್ಟೇ, ನಮ್ಮ ಮೇಲ್ವಿಚಾರಕನ ಹಾಗೆ."

ಮೂರನೆಯದನ್ನು ನಾನೇ ಬದಿಗೆ ಸರಿಸಿದೆ.
"ಹೊಟ್ಟು, ಅಂಟು. ನಿಮಗೇಕೆ ಈ ಕಸ?"
ಮಾತು ಬಾಯಿಂದ ಬಿದ್ದ ಮೇಲೆ ನೋಡಿದೆ,
ಅವಳು ಅದನ್ನು ಮೂಗಿಗೆ ಹಿಡಿದಿದ್ದಳು.

"ಇಪ್ಪತ್ತೆರಡು ವರ್ಷ," ಎಂದಳು, "ಬಿಸಿ ಪ್ರೆಸ್ಸಿನ ಮುಂದೆ.
ಚಕ್ಕೆ ಹಾಸಿಗೆಯ ಹಾಗೆ ಒಳಗೆ ಹೋಗೋದು, ಇಷ್ಟೆತ್ತರ,
ಹೊರಗೆ ಬರುವಾಗ ಬೆರಳಿನಷ್ಟು.
ಅಂಟಿನ ಉಗಿಗೆ ಕಣ್ಣು ಉರಿಯೋದು. ಮನೆಗೆ ಬಂದು
ಈರುಳ್ಳಿ ಹೆಚ್ಚಿದರೆ ನೀರೇ ಬರ್ತಿರಲಿಲ್ಲ, ಅಲ್ಲೇ ಮುಗಿದಿರೋದು.
ಈ ಅಂಚು ನೋಡು: ಸಣ್ಣದು ಮೇಲೆ ಕೆಳಗೆ, ದಪ್ಪದ್ದು ನಡುವೆ.
ಹೀಗೆ ಹಾಸೋದು ಕಲಿಯೋಕೆ ಒಂದು ವರ್ಷ ಬೇಕು.
ಕಸವಂತೆ, ಝಿಗುರ್ಡ್ಸ್."

ರಾತ್ರಿ ಮೂರನ್ನೂ ಬೋಗುಣಿಯ ನೀರಲ್ಲಿ ಮುಳುಗಿಸಿಟ್ಟಳಂತೆ.
ಬೆಳಿಗ್ಗೆ ಹೋದಾಗ ಪ್ಲೈವುಡ್ ಹಾಗೇ ಇತ್ತು, ಹಟಮಾರಿ.
ಎಂಡಿಎಫ್, ಒದ್ದೆಯಾದ ಪುಸ್ತಕ.
ಪಾರ್ಟಿಕಲ್ ಬೋರ್ಡು ಹಾಲಲ್ಲಿ ನೆನೆದ ಕಪ್ಪು ಬ್ರೆಡ್ಡು.
ಗೆದ್ದೆನೆಂದುಕೊಂಡೆ.

"ಸಿಂಕಿನ ಕೆಳಗೆ ಪ್ಲೈವುಡ್," ಎಂದಳು, "ನನಗೇನು ಹುಚ್ಚೇ?
ಉಳಿದದ್ದಕ್ಕೆಲ್ಲ ಇದು. ಮೇಲಿನ ಕಪಾಟಿನಲ್ಲಿ
ಹೊಳೆ ಹರಿಯೋದಿಲ್ಲವಲ್ಲ. ಶಾಜೀರಿಗೆ, ಒಣ ಬಟಾಣಿ, ಅಷ್ಟೇ."
ಬಾಗಿಲವರೆಗೂ ಬಂದು ಮತ್ತೆ:
"ಒಂದು ಹಲಗೆಯ ಅಂಚಿಗೆ ಪಟ್ಟಿ ಹಚ್ಚಬೇಡ."

ಅಂಚು ಮುಚ್ಚದ ಹಲಗೆ ನನ್ನ ಕೈಯಿಂದ
ಈವರೆಗೆ ಹೊರಗೆ ಹೋದದ್ದಿಲ್ಲ.
ಎಡಗಡೆ, ಎರಡನೇ ಗೂಡು, ಅವಳ ಕಣ್ಣಿನ ಮಟ್ಟಕ್ಕೆ.
ಕದ ಹಾಕಿದರೆ ಯಾರಿಗೂ ಕಾಣದು.
ಬಿಲ್ಲಿನಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ
ಒಂದು ಮೀಟರ್ ಪಟ್ಟಿಯ ದುಡ್ಡು ಕಳೆದೆ.
ಅವಳು ಅದನ್ನು ಪೆನ್ಸಿಲ್ಲಿನಲ್ಲಿ ತಿದ್ದಿ
ಪೂರ್ತಿ ಕೊಟ್ಟಳು.